ಹೆಸರು ತೆಗೆದು ಲೊಕೇಶನ್ ಮಾರಿದರೆ ನಮಗೇನು ತೊಂದರೆ?

ಚುಕ್ಕಿಚಂದ್ರ:
ನನ್ನ ಫೋನಲ್ಲಿ ಹವಾಮಾನದ ಒಂದು ಆ್ಯಪ್ ಇದೆ. ನಿನ್ನೆ ಕೆಲಸ ಇಲ್ಲದೆ ಕೂತಿದ್ದಾಗ ಅದರ ಪ್ರೈವಸಿ ಪಾಲಿಸಿ ಓದಿದೆ (ಹೌದು, ಅದನ್ನೂ ಓದುವ ಜನ ಇದ್ದಾರೆ). ಹೆಸರು, ಫೋನ್ ನಂಬರ್ ಎಲ್ಲ ತೆಗೆದು ನಿಮ್ಮ ಲೊಕೇಶನ್ ಮಾಹಿತಿಯನ್ನು ಬೇರೆ ಕಂಪನಿಗಳಿಗೆ ಕೊಡುತ್ತೇವೆ ಅಂತ ಅದರಲ್ಲಿ ಬರೆದಿದೆ. ಗೆಳೆಯನಿಗೆ ತೋರಿಸಿದರೆ "ಹೆಸರೇ ಇಲ್ಲ, ಇನ್ನೇನು ಭಯ, ನೀನೇನು ಕಳ್ಳನಾ?" ಅಂದ. ಅವನ ಮಾತಿಗೆ ತಕ್ಷಣ ಏನು ಹೇಳಬೇಕು ಅಂತ ಹೊಳೆಯಲಿಲ್ಲ. ನಿಜವಾಗಲೂ ಹೆಸರು ತೆಗೆದರೆ ಸಾಕಾ? ಕಾನೂನು ಇದಕ್ಕೆ ಏನನ್ನುತ್ತದೆ? ಗೊತ್ತಿರುವವರು ಹೇಳಿ.

ಡೇಟಾಬಡಗಿ:
ಸಾಕಾಗಲ್ಲ. ನಾನು ಇಂಥ ಡೇಟಾ ಜೊತೆ ಕೆಲಸ ಮಾಡುತ್ತೇನೆ, ಅದು ನೋಡೋಕೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಒಂದೊಂದು ಸಾಲಿನಲ್ಲಿ ಫೋನಿನ ಜಾಹೀರಾತು ಐಡಿ (ಜಾಹೀರಾತು ಕಂಪನಿಗಳು ಫೋನನ್ನು ಗುರುತಿಸೋಕೆ ಬಳಸುವ ಸಂಕೇತ), ಅಕ್ಷಾಂಶ, ರೇಖಾಂಶ, ಸಮಯ, ಅಷ್ಟೇ. ಹೆಸರು ಎಲ್ಲೂ ಇಲ್ಲ. ಈಗ ಒಂದೇ ಐಡಿಯ ಸಾಲುಗಳನ್ನೆಲ್ಲ ಆರಿಸಿ ನಕ್ಷೆ ಮೇಲೆ ಹಾಕಿ. ರಾತ್ರಿ 2 ಗಂಟೆಗೆ ದಿನಾ ಒಂದೇ ಕಡೆ ನಿಲ್ಲುವ ಚುಕ್ಕಿ ಮನೆ. ಬೆಳಿಗ್ಗೆ 11ಕ್ಕೆ ನಿಲ್ಲುವ ಚುಕ್ಕಿ ಆಫೀಸು. ಆ ಮನೆಯಲ್ಲಿ ಮಲಗಿ ಆ ಆಫೀಸಿಗೆ ಹೋಗುವವರು ಎಷ್ಟು ಜನ ಇರುತ್ತಾರೆ? ಹೆಚ್ಚಿನ ಸಲ ಒಬ್ಬರೇ. ಆಮೇಲೆ ನಡುವೆ ಬರುವ ಚುಕ್ಕಿಗಳನ್ನು ನೋಡಿ, ಆಸ್ಪತ್ರೆ, ಪ್ರಾರ್ಥನೆಯ ಜಾಗ, ವಕೀಲರ ಕಚೇರಿ, ಪ್ರತಿಭಟನೆ ನಡೆದ ಮೈದಾನ. ನಿಮ್ಮ ಗೆಳೆಯ ಕಳ್ಳನಲ್ಲದೆ ಇರಬಹುದು, ಆದರೆ ಯಾವ ಡಾಕ್ಟರ ಹತ್ತಿರ ಹೋಗುತ್ತಾನೆ ಅನ್ನೋದು ಅವನ ಬಾಸ್‌ಗೆ ಯಾಕೆ ಗೊತ್ತಾಗಬೇಕು?

ಇದು ನನ್ನ ಊಹೆಯೂ ಅಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 15 ಲಕ್ಷ ಜನರ 15 ತಿಂಗಳ ಮೊಬೈಲ್ ಲೊಕೇಶನ್ ದಾಖಲೆ ತೆಗೆದುಕೊಂಡು ನೋಡಿದ್ದರು. ಜಾಗ ಮತ್ತು ಸಮಯದ ಬರೀ 4 ಚುಕ್ಕಿ ಸಿಕ್ಕರೆ ಶೇ. 95ರಷ್ಟು ಜನರ ದಾಖಲೆಯನ್ನು ಉಳಿದವರಿಂದ ಬೇರೆ ಮಾಡಬಹುದಿತ್ತು. ಅದೂ ಟವರ್ ಮಟ್ಟದ ಲೊಕೇಶನ್. ಜಿಪಿಎಸ್ ಅದಕ್ಕಿಂತ ಎಷ್ಟೋ ನಿಖರ.

ಕರಿಕೋಟು:
ಕಾನೂನಿನ ಕಡೆಯಿಂದ ನಾನು ಸೇರಿಸುತ್ತೇನೆ. ಯುರೋಪಿನ ಡೇಟಾ ರಕ್ಷಣಾ ಕಾನೂನು ಜಿಡಿಪಿಆರ್ (2018ರ ಮೇ 25ರಿಂದ ಜಾರಿಯಲ್ಲಿದೆ) ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಹೆಸರಿನ ಬದಲು ಒಂದು ಐಡಿ ಕೂರಿಸಿದರೆ ಅದು ಅನಾಮಧೇಯ ಆಗಲ್ಲ. ಬೇರೆ ಮಾಹಿತಿ ಜೊತೆ ಸೇರಿಸಿ ವ್ಯಕ್ತಿಯನ್ನು ಗುರುತಿಸೋಕೆ ಆಗುವಷ್ಟು ಕಾಲ ಅದು ಅವರ ವೈಯಕ್ತಿಕ ಡೇಟಾ, ಕಾನೂನು ಪೂರ್ತಿ ಅನ್ವಯಿಸುತ್ತದೆ. ತಪ್ಪಿದರೆ ದಂಡ 2 ಕೋಟಿ ಯೂರೋ ಅಥವಾ ಜಾಗತಿಕ ವಹಿವಾಟಿನ ಶೇ. 4, ಯಾವುದು ಜಾಸ್ತಿಯೋ ಅದರವರೆಗೆ.

ಆದರೆ ನನ್ನ ಪ್ರಕಾರ ಗಟ್ಟಿ ತತ್ವ ಬೇರೆ ಇದೆ. ಯಾವ ಕೆಲಸಕ್ಕೆ ಅಂತ ಹೇಳಿ ಡೇಟಾ ತೆಗೆದುಕೊಂಡಿರೋ ಅದೇ ಕೆಲಸಕ್ಕೆ ಬಳಸಿ, ಬೇಕಾದಷ್ಟೇ ತಗೊಳ್ಳಿ, ಕೆಲಸ ಮುಗಿದ ಮೇಲೆ ಅಳಿಸಿ. 1980ರ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆ) ಮಾರ್ಗಸೂಚಿಯಿಂದ ಇವತ್ತಿನವರೆಗೆ ಬಂದ ಹೆಚ್ಚಿನ ಕಾನೂನುಗಳ ಬೆನ್ನೆಲುಬು ಇದೇ. ಮಳೆ ಬರುತ್ತದಾ ಅಂತ ಹೇಳೋಕೆ ನಿಮ್ಮ ಊರು ಯಾವುದು ಅಂತ ಗೊತ್ತಾದರೆ ಸಾಕು, ನಿಮ್ಮ ಬಾಗಿಲು ಎಲ್ಲಿದೆ ಅಂತ ಬೇಡ.

ಸಿಂಗಪುರದ ಟ್ರೇಸ್‌ಟುಗೆದರ್ ಆ್ಯಪ್ ನೆನಪಿದೆಯಾ? ಕೋವಿಡ್ ಸೋಂಕಿತರ ಸಂಪರ್ಕ ಪತ್ತೆಗೆ ಮಾತ್ರ ಅಂತ ಸರ್ಕಾರ ಹೇಳಿತ್ತು, ಜನ ನಂಬಿ ಹಾಕಿಕೊಂಡರು. 2021ರ ಜನವರಿಯಲ್ಲಿ ಸಂಸತ್ತಿನಲ್ಲೇ ಗೊತ್ತಾಯಿತು, ಅಪರಾಧ ತನಿಖೆಗೆ ಪೊಲೀಸರೂ ಆ ಡೇಟಾ ಕೇಳಿ ಪಡೆಯಬಹುದು ಅಂತ. ಗಲಾಟೆ ಆದ ಮೇಲೆ ಗಂಭೀರ ಅಪರಾಧಗಳ 7 ವರ್ಗಗಳಿಗೆ ಮಾತ್ರ ಅಂತ ಹೊಸ ಕಾನೂನು ತಂದರು. ಕೊಲೆಗಾರ ಸಿಕ್ಕಿಬೀಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಯಮ ಮೊದಲು ಬರಬೇಕಿತ್ತು, ಅಲ್ವಾ? ಜನ ಡೇಟಾ ಕೊಟ್ಟು ಮುಗಿದ ಮೇಲಲ್ಲ.

ಅಡ್ಡಮಾತು:
ಎಲ್ಲ ಓದೋಕೆ ಚೆನ್ನಾಗಿದೆ. ಆದರೆ ನೀವೆಲ್ಲ ಕಂಪನಿಗಳನ್ನೇ ಹಿಡಿದು ಕೂತಿದ್ದೀರಿ. ಜಗತ್ತಿನ ಮೊದಲ ಡೇಟಾ ರಕ್ಷಣಾ ಕಾನೂನು 1970ರಲ್ಲಿ ಜರ್ಮನಿಯ ಹೆಸ್ಸೆ ರಾಜ್ಯದಲ್ಲಿ ಬಂದಿದ್ದೇ ಸರ್ಕಾರಿ ಕಚೇರಿಗಳ ಕಂಪ್ಯೂಟರ್‌ಗಳಿಗೆ ಕಡಿವಾಣ ಹಾಕೋಕೆ. ಇವತ್ತು ನೋಡಿದರೆ ಹೊಸ ಕಾನೂನುಗಳಲ್ಲಿ ಸರ್ಕಾರವೇ ಹೊರಗಿರುತ್ತದೆ. ಭಾರತದ 2023ರ ಡೇಟಾ ರಕ್ಷಣಾ ಕಾಯ್ದೆ ತಗೊಳ್ಳಿ, 17ನೇ ಸೆಕ್ಷನ್ ಪ್ರಕಾರ ಸಾರ್ವಭೌಮತೆ, ಭದ್ರತೆ, ಸಾರ್ವಜನಿಕ ಶಾಂತಿ ಅಂತ ಕಾರಣ ಕೊಟ್ಟು ಯಾವುದೇ ಸರ್ಕಾರಿ ಸಂಸ್ಥೆಯನ್ನು ಕಾಯ್ದೆಯಿಂದಲೇ ಹೊರಗಿಡಬಹುದು. ಉಳಿದವರಿಗೆ "ಒಪ್ಪಿಗೆ" ಅಂತ ಒಂದು ಬಟನ್. ಆ ಬಟನ್ ಒತ್ತದೆ ಇದ್ದರೆ ಆ್ಯಪ್ ತೆರೆಯೋದೇ ಇಲ್ಲ. ಅದನ್ನು ಒಪ್ಪಿಗೆ ಅಂತ ಕರೆಯೋಕೆ ನನಗೆ ನಾಚಿಕೆ ಆಗುತ್ತದೆ.

ಕರಿಕೋಟು:
@ಅಡ್ಡಮಾತು ಒಪ್ಪಿಗೆಯ ಬಗ್ಗೆ ನಿಮ್ಮ ಸಿಟ್ಟು ಸರಿ. ಅದಕ್ಕೇ ನಾನು ಬಟನ್ ಬಿಟ್ಟು ಉದ್ದೇಶದ ಬಗ್ಗೆ ಬರೆದಿದ್ದು. ಸರ್ಕಾರದ ವಿಷಯದಲ್ಲಿ ಮಾತ್ರ ಕೋರ್ಟುಗಳನ್ನು ಮರೆಯಬೇಡಿ. ಎಲ್ಲರ ಕರೆ ದಾಖಲೆಯನ್ನು 6 ತಿಂಗಳಿಂದ 2 ವರ್ಷ ಇಟ್ಟುಕೊಳ್ಳಿ ಅಂತ ಟೆಲಿಕಾಂ ಕಂಪನಿಗಳಿಗೆ ಹೇಳಿದ್ದ ಯುರೋಪಿನ ನಿರ್ದೇಶನವನ್ನು ಅಲ್ಲಿನ ನ್ಯಾಯಾಲಯ 2014ರಲ್ಲಿ ರದ್ದು ಮಾಡಿತು. ಅನುಮಾನವೇ ಇಲ್ಲದ ಜನರ ಮೇಲೂ ಕಣ್ಣಿಡೋದು ಅತಿಯಾಯಿತು ಅನ್ನೋದು ಮುಖ್ಯ ಕಾರಣ. ಅಮೆರಿಕದ ಸುಪ್ರೀಂ ಕೋರ್ಟ್ 2018ರ ಕಾರ್ಪೆಂಟರ್ ಪ್ರಕರಣದಲ್ಲಿ, ಒಬ್ಬನ 127 ದಿನಗಳ ಟವರ್ ಲೊಕೇಶನ್ ತೆಗೆಸಿದ್ದಕ್ಕೆ ವಾರಂಟ್ ಬೇಕಿತ್ತು ಅಂತ ಹೇಳಿತು. 2017ರಲ್ಲಿ ಭಾರತದ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳೂ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು.

ಅಡ್ಡಮಾತು:
ಸರಿ. ವಾರಂಟ್ ಬೇಕು ಅಂದಮೇಲೆ ಅಮೆರಿಕದ ಸರ್ಕಾರಿ ಏಜೆನ್ಸಿಗಳು ಏನು ಮಾಡಿದವು ಗೊತ್ತಲ್ಲ? ಡೇಟಾ ಬ್ರೋಕರ್ (ಜನರ ಡೇಟಾ ಕೊಂಡು ಮಾರುವ ಕಂಪನಿ) ಹತ್ತಿರ ದುಡ್ಡು ಕೊಟ್ಟು ತಗೊಂಡವು. ಮಾರ್ಕೆಟ್‌ನಲ್ಲಿ ಸಿಗೋದಕ್ಕೆ ವಾರಂಟ್ ಯಾಕೆ ಅನ್ನೋದು ಅವರ ವಾದ. ಚುಕ್ಕಿಚಂದ್ರ ಅವರ ಹವಾಮಾನದ ಆ್ಯಪ್ "ಬೇರೆ ಕಂಪನಿಗಳು" ಅನ್ನುತ್ತದಲ್ಲ, ಅಲ್ಲಿಂದ ಅದು ಕೈ ಬದಲಾಯಿಸುತ್ತಾ ಎಲ್ಲಿಗೆ ಹೋಗುತ್ತದೆ ಅಂತ ಅವರಿಗೂ ಗೊತ್ತಿರಲ್ಲ, ಆ ಆ್ಯಪ್‌ನವರಿಗೂ ಗೊತ್ತಿರಲ್ಲ.

ಚುಕ್ಕಿಚಂದ್ರ:
ಅಂದ್ರೆ ಕಂಪನಿ ಬೇರೆ, ಸರ್ಕಾರ ಬೇರೆ ಅಂತ ಅಂದುಕೊಳ್ಳೋದೇ ತಪ್ಪು. ಮಾರಿದ್ದು ಜಾಹೀರಾತಿಗೆ, ಕೊಂಡುಕೊಳ್ಳೋರು ಯಾರಾದರೂ ಆಗಬಹುದು. ಗೆಳೆಯನಿಗೆ ಈ ಥ್ರೆಡ್ಡೇ ಕಳಿಸುತ್ತೇನೆ. ಈಗ ನಾನು ಏನು ಮಾಡಲಿ, ಆ್ಯಪ್ ತೆಗೆದುಹಾಕಲಾ?

ಡೇಟಾಬಡಗಿ:
ತೆಗೆದರೆ ಒಳ್ಳೆಯದು. ಹವಾಮಾನ ಬ್ರೌಸರ್‌ನಲ್ಲೂ ಸಿಗುತ್ತದೆ, ಊರಿನ ಹೆಸರು ನೀವೇ ಟೈಪ್ ಮಾಡಿ. ಇಟ್ಟುಕೊಳ್ಳಲೇಬೇಕು ಅಂದರೆ ಲೊಕೇಶನ್ ಪರ್ಮಿಷನ್‌ಗೆ ಹೋಗಿ "ಯಾವಾಗಲೂ" ಅಂತಿರೋದನ್ನು "ಬಳಸುವಾಗ ಮಾತ್ರ" ಮಾಡಿ, ನಿಖರ ಲೊಕೇಶನ್ ಆಫ್ ಮಾಡಿ. ಆಂಡ್ರಾಯ್ಡ್ 12ರಿಂದ ಮತ್ತು ಐಓಎಸ್ 14ರಿಂದ ಈ ಆಯ್ಕೆ ಇದೆ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನ ಪ್ರೈವಸಿ ಒಳಗೆ ಜಾಹೀರಾತು ಅನ್ನೋ ಕಡೆ ಹೋಗಿ ಜಾಹೀರಾತು ಐಡಿಯನ್ನೇ ಅಳಿಸಿಬಿಡಿ. ನಾನು ಹೇಳಿದ ಸಾಲುಗಳನ್ನು ಒಂದಕ್ಕೊಂದು ಪೋಣಿಸೋದು ಅದೇ ದಾರ. ಐಫೋನಿನಲ್ಲಿ ಟ್ರ್ಯಾಕ್ ಮಾಡಲು ಅನುಮತಿ ಕೇಳಿದಾಗ ಬೇಡ ಅನ್ನಿ. ಇಷ್ಟು ಮಾಡಿದರೂ ಈಗಾಗಲೇ ಹೋಗಿರೋದು ವಾಪಸ್ ಬರಲ್ಲ, ಅದು ಬೇರೆ ಮಾತು.

ಕರಿಕೋಟು:
ಜೊತೆಗೆ ಕಂಪನಿಗೆ ಒಂದು ಮೇಲ್ ಹಾಕಿ. ನನ್ನ ಬಗ್ಗೆ ಏನೇನಿದೆ, ಯಾರಿಗೆ ಕೊಟ್ಟಿದ್ದೀರಿ, ಅಳಿಸಿ, ಇಷ್ಟೇ ಕೇಳಿ. ಜಿಡಿಪಿಆರ್ ಅನ್ವಯಿಸುವ ಕಡೆ ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಉತ್ತರ ಕೊಡಲೇಬೇಕು. ಉತ್ತರ ಬಂದರೆ ಇಲ್ಲಿ ಹಾಕಿ, ಐಡಿ ಗಿಡಿ ಎಲ್ಲ ಮುಚ್ಚಿ.