ಒಂಟೆಗೂ ನೀರು ಹಾಕಿದರೆ ಅದು ದೇವರ ಉತ್ತರವಾ? (ಆದಿಕಾಂಡ 24)

ನಿಧಾನ_ಓದುಗ:
ಬೈಬಲ್ಲಿನ ಆದಿಕಾಂಡದ 24ನೇ ಅಧ್ಯಾಯವನ್ನು ಮೂರನೇ ಸಲ ಓದುತ್ತಿದ್ದೇನೆ, ಮತ್ತೆ ಅದೇ ಜಾಗದಲ್ಲಿ ಸಿಕ್ಕಿಬಿದ್ದಿದ್ದೇನೆ. ಅಬ್ರಹಾಮನ ಮಗ ಇಸಾಕನಿಗೆ ಹೆಣ್ಣು ಹುಡುಕಲು ಅಬ್ರಹಾಮನ ಆಳು ಹತ್ತು ಒಂಟೆ ಹೊಡೆದುಕೊಂಡು ನಾಹೋರನ ಊರಿಗೆ ಬರುತ್ತಾನೆ. ಸಂಜೆ, ಹೆಂಗಸರು ನೀರಿಗೆ ಬರುವ ಹೊತ್ತು. ಬಾವಿ ಹತ್ತಿರ ನಿಂತು ದೇವರ ಜೊತೆ ಒಂದು ಕರಾರು ಮಾಡಿಕೊಳ್ಳುತ್ತಾನೆ. ನಾನು ನೀರು ಕೇಳಿದಾಗ ಯಾವಳು ‘ನೀನೂ ಕುಡಿ, ನಿನ್ನ ಒಂಟೆಗಳಿಗೂ ಹಾಕ್ತೀನಿ’ ಅಂತಾಳೋ ಅವಳೇ ನೀನು ಗೊತ್ತು ಮಾಡಿದ ಹೆಣ್ಣು, ಅಂತ. ಇದು ದೇವರಲ್ಲಿ ದಾರಿ ಕೇಳುವುದಾ, ಇಲ್ಲಾ ಸುಮ್ನೆ ಚೀಟಿ ಎತ್ತಿದ ಹಾಗಾ?

ಕೇಳಲು ಕಾರಣ ಇದೆ. ಕೆಲಸ ಬಿಡಲೋ ಬೇಡವೋ ಅಂತ ಒದ್ದಾಡುತ್ತಿದ್ದಾಗ ನಾನೂ ಹೀಗೇ ಮಾಡಿದ್ದೆ. ‘ಹತ್ತು ಗಂಟೆಯೊಳಗೆ ಫೋನ್ ಬಂದರೆ ಬಿಡ್ತೀನಿ’ ಅಂದೆ. ಬಂತು. ರಾಂಗ್ ನಂಬರ್!

ಕೊಡಪಾನ:
ನಗು ಬಂತು, ಕ್ಷಮಿಸಿ. ಆದರೆ ನಿಮ್ಮ ಫೋನೇ ಬೇರೆ, ಆ ಬಾವಿಯೇ ಬೇರೆ. ಬಾಯಾರಿದ ಒಂಟೆ ಒಂದೇ ಸಲಕ್ಕೆ ನೂರು ಲೀಟರ್‌ವರೆಗೂ ಕುಡಿಯಬಲ್ಲದು. ಅಂಥವು ಹತ್ತು. ನೀರಿಗೆ ಬಂದ ಹುಡುಗಿ ರೆಬೆಕ್ಕ ಬುಗ್ಗೆಗೆ ಇಳಿದು, ಕೊಡ ತುಂಬಿಕೊಂಡು ಮೇಲೆ ಬಂದಳು ಅಂತ 16ನೇ ವಚನ ಹೇಳುತ್ತದೆ. ಅಂದರೆ ಪ್ರತಿ ಕೊಡಕ್ಕೂ ಇಳಿಯಬೇಕು, ಹತ್ತಬೇಕು. ಅವಳು ಕೊಡವನ್ನು ತೊಟ್ಟಿಗೆ ಸುರಿದು ಮತ್ತೆ ಬಾವಿಗೆ ಓಡುತ್ತಾಳೆ. ಒಂಟೆಗಳಿಗೆ ಅರ್ಧ ಬಾಯಾರಿಕೆ ಅಂತ ಇಟ್ಟುಕೊಂಡರೂ ಸೊಂಟ ಬಿದ್ದುಹೋಗುವ ಕೆಲಸ. ದಾರಿಹೋಕನಿಗೆ ಒಂದು ಗುಟುಕು ನೀರು ಯಾರಾದರೂ ಕೊಡುತ್ತಾರೆ. ಕೇಳದೆ ಒಂಟೆಗೆ ಯಾರು ಹಾಕುತ್ತಾರೆ? ಆಳು ಕೇಳಿದ್ದು ಪವಾಡ ಅಲ್ಲ, ಸೊಸೆಯಾಗಿ ಬರುವವಳ ಗುಣ. ಬೈಬಲ್ಲಿನಲ್ಲೇ ಗಿದ್ಯೋನ ದೇವರಿಂದ ಗುರುತು ಕೇಳಲು ನೆಲದ ಮೇಲೆ ಹಾಕಿದ ಉಣ್ಣೆ ಬೇಕಾದರೆ ನಿಮ್ಮ ಫೋನಿನ ಜಾತಿಗೆ ಸೇರಿದ್ದು. ಒಂದು ರಾತ್ರಿ ಉಣ್ಣೆ ಒದ್ದೆ, ನೆಲ ಒಣ. ಇನ್ನೊಂದು ರಾತ್ರಿ ಉಲ್ಟಾ. ಅದರಿಂದ ಯಾರ ಗುಣವೂ ಗೊತ್ತಾಗುವುದಿಲ್ಲ.

ಬೂಸಲು_ರೊಟ್ಟಿ:
ಊಟ, ನೀರು ನೋಡಿ ತೀರ್ಮಾನ ಮಾಡುವುದರಲ್ಲಿ ಅಪಾಯವೂ ಇದೆ. ಯೆಹೋಶುವ 9 ನೋಡಿ. ಗಿಬ್ಯೋನ್ ಊರಿನವರು ಜೀವ ಉಳಿಸಿಕೊಳ್ಳಲು ಇಸ್ರಾಯೇಲರ ಹತ್ತಿರ ಬಂದು, ಒಣಗಿ ಬೂಸಲು ಹಿಡಿದ ರೊಟ್ಟಿ, ಹೊಲಿಗೆ ಹಾಕಿದ ದ್ರಾಕ್ಷಾರಸದ ಚೀಲ, ತೇಪೆ ಹಾಕಿದ ಕೆರ ತೋರಿಸಿ ‘ಬಹಳ ದೂರದಿಂದ ಬಂದೆವು’ ಅಂದರು. ಇಸ್ರಾಯೇಲರು ಆ ಬುತ್ತಿಯಿಂದ ತೆಗೆದುಕೊಂಡರು, ಯೆಹೋವನನ್ನು ಮಾತ್ರ ಕೇಳಲಿಲ್ಲ. ಮೂರು ದಿನ ಕಳೆದ ಮೇಲೆ ನೋಡಿದರೆ ಪಕ್ಕದೂರಿನವರು! ಕೊಲ್ಲುವುದಿಲ್ಲ ಅಂತ ಆಣೆ ಇಟ್ಟಾಗಿತ್ತು, ಮುರಿಯುವ ಹಾಗಿರಲಿಲ್ಲ. ಕೊನೆಗೆ ಅವರನ್ನು ಸೌದೆ ಒಡೆಯಲು, ನೀರು ಹೊರಲು ಇಟ್ಟುಕೊಂಡರು.

ಕತ್ತೆ_ಹುಡುಕುವವ:
ನಿಮ್ಮ ಪ್ರಶ್ನೆಗೆ ನೇರ ಉತ್ತರ ಅಲ್ಲ, ಆದರೂ ಹೇಳದೆ ಇರಲಾರೆ. ಕಳೆದ ಕತ್ತೆಗಳ ವಿಷಯ ಕೇಳಲು ಮುಂದೆ ಇಸ್ರಾಯೇಲಿನ ರಾಜನಾದ ಸೌಲ ಮೊದಲ ಸಲ ಪ್ರವಾದಿ ಸಮುವೇಲನ ಹತ್ತಿರ ಹೋದಾಗ, ಸುಮಾರು ಮೂವತ್ತು ಜನರ ಪಂಕ್ತಿಯಲ್ಲಿ ಮೊದಲ ಜಾಗ ಸಿಕ್ಕಿತು. ಅವನಿಗೇ ಅಂತ ತೊಡೆಯ ಮಾಂಸ ಎತ್ತಿಟ್ಟಿದ್ದರು. ಕೊನೆಯ ಸಲ ಕನಸು, ಊರೀಮ್ (ದೇವರ ಚಿತ್ತ ತಿಳಿಯಲು ಯಾಜಕರು ಬಳಸುತ್ತಿದ್ದ ವಸ್ತು), ಪ್ರವಾದಿಗಳು ಯಾವುದರಿಂದಲೂ ಉತ್ತರ ಬರಲಿಲ್ಲ. ಸತ್ತುಹೋಗಿದ್ದ ಸಮುವೇಲನನ್ನು ಎಬ್ಬಿಸಿ ಕೇಳಲು, ಸತ್ತವರನ್ನು ಕರೆಸುವ ಏಂದೋರ್ ಊರಿನ ಹೆಂಗಸಿನ ಮನೆಗೆ ಕತ್ತಲಲ್ಲಿ ವೇಷ ಮರೆಸಿಕೊಂಡು ಹೋದ. ಅಲ್ಲೂ ಊಟ! ಹಗಲು ರಾತ್ರಿ ಏನೂ ತಿನ್ನದೆ ನೆಲಕ್ಕೆ ಬಿದ್ದವನನ್ನು ಒತ್ತಾಯ ಮಾಡಿ ಎಬ್ಬಿಸಿ, ಮನೆಯಲ್ಲಿದ್ದ ಕೊಬ್ಬಿದ ಕರುವನ್ನೇ ಕೊಯ್ದು ಅಡಿಗೆ ಮಾಡಿದಳು. ಮಾಟಗಾತಿ ಅಂತಾರೆ, ನನಗೇನೋ ಆ ರಾತ್ರಿ ಅವನ ಮೇಲೆ ಕನಿಕರ ಇದ್ದದ್ದು ಅವಳೊಬ್ಬಳಿಗೇ ಅನ್ನಿಸುತ್ತೆ.

ನಿಧಾನ_ಓದುಗ:
ಎಲ್ಲರಿಗೂ ಥ್ಯಾಂಕ್ಸ್. ಕೊಡಪಾನ ಅವರೇ, ನೀವು ಹೇಳಿದ ಮೇಲೆ ಮತ್ತೆ ಓದಿದೆ. ‘ಒಂಟೆಗಳಿಗೂ ಹಾಕ್ತೀನಿ’ ಅಂತ ಅವಳು 19ರಲ್ಲೇ ಅಂದುಬಿಟ್ಟಿದ್ದಾಳೆ. ಕರಾರು ಅಲ್ಲಿಗೆ ಮುಗಿಯಿತು ಅಲ್ವಾ? ಆದರೂ ಆಳು ಬಾಯಿ ಬಿಡುವುದಿಲ್ಲ. ಸುಮ್ಮನೆ ಅವಳನ್ನೇ ನೋಡುತ್ತಾ ನಿಲ್ಲುತ್ತಾನೆ. ಒಂಟೆಗಳು ಕುಡಿದು ಮುಗಿಸಿದ ಮೇಲೆಯೇ ಚಿನ್ನದ ಮೂಗುತಿ ಹೊರಗೆ ಬರುವುದು. ನಾನಾದರೋ ಫೋನ್ ಹೊಡೆದುಕೊಂಡ ತಕ್ಷಣ, ಎತ್ತುವ ಮೊದಲೇ, ರಾಜೀನಾಮೆ ಟೈಪ್ ಮಾಡಲು ಶುರು ಮಾಡಿದ್ದೆ.