ಕೂಲಂಟ್ ಕಮ್ಮಿ ಆಗ್ತಿದೆ, ಐಡಲ್ ನಡುಗುತ್ತಿದೆ: 16 ವರ್ಷದ ಜರ್ಮನ್ ಕಾರು ಇಟ್ಕೊಳ್ಳಲಾ, ಮಾರಲಾ?

ಆರು ಸಿಲಿಂಡರ್:

ಎಲ್ಲರಿಗೂ ನಮಸ್ಕಾರ. ನನ್ನದು ಜರ್ಮನ್ ಸೆಡಾನ್. ಆರು ಸಿಲಿಂಡರ್ ಪೆಟ್ರೋಲ್, ಆಟೋಮ್ಯಾಟಿಕ್. 16 ವರ್ಷ ಆಗಿದೆ, 1,84,000 ಕಿ.ಮೀ. ಓಡಿದೆ. ಒಂಬತ್ತು ವರ್ಷದಿಂದ ನಾನೇ ಓಡಿಸುತ್ತಿದ್ದೇನೆ.

ಈಗ ಮೂರು ತೊಂದರೆ ಒಟ್ಟಿಗೆ ಬಂದಿವೆ. ಮೂರು ವಾರಕ್ಕೊಮ್ಮೆ ಕೂಲಂಟ್ (ಇಂಜಿನ್ ತಂಪು ಮಾಡುವ ದ್ರವ) ದೀಪ ಹತ್ತುತ್ತದೆ, ಸುಮಾರು ಅರ್ಧ ಲೀಟರ್ ಹಾಕಬೇಕು. ಆದರೆ ಕಾರು ನಿಂತ ಜಾಗದಲ್ಲಿ ಒಂದು ಹನಿಯೂ ಕಾಣುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇರುವಾಗ, ಇಂಜಿನ್ ನಡುಗುತ್ತದೆ, ಜೊತೆಗೆ ಸಣ್ಣಗೆ ಸೀಟಿ ಊದಿದ ಹಾಗೆ ಸದ್ದು. ಸಿಗ್ನಲ್‌ನಲ್ಲಿ ನಿಂತಾಗ ಸುಟ್ಟ ಎಣ್ಣೆ ವಾಸನೆ ಒಳಗೆ ಬರುತ್ತದೆ.

ಗ್ಯಾರೇಜಿನಲ್ಲಿ ಹತ್ತು ನಿಮಿಷ ನೋಡಿ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು" ಅಂದರು. ಅಂದರೆ ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್. ಅವರು ಹೇಳಿದ ಮೊತ್ತ ಕಾರಿನ ಇವತ್ತಿನ ಬೆಲೆಗಿಂತ ಜಾಸ್ತಿ. ಮನೆಯಲ್ಲಿ ಎಲ್ಲರೂ ಮಾರಿಬಿಡು ಅಂತಿದ್ದಾರೆ. ನನಗೆ ಮನಸ್ಸಿಲ್ಲ, ಹಾಗಂತ ಸುಮ್ನೆ ದುಡ್ಡು ಸುರಿಯೋದಕ್ಕೂ ಆಗಲ್ಲ. ಏನು ಮಾಡಲಿ?

ಟಾರ್ಕ್ ರೆಂಚ್:

ಸರ್, ಹೆಡ್ ಇಳಿಸೋಕೆ ಯಾರಿಗೂ ಇನ್ನೂ ಒಪ್ಪಿಗೆ ಕೊಡಬೇಡಿ. ಮೊದಲು ಇಷ್ಟು ಹೇಳಿ. ಟೆಂಪರೇಚರ್ ಮುಳ್ಳು ಯಾವತ್ತಾದರೂ ಮೇಲೆ ಹೋಗಿದೆಯಾ? ಆಯಿಲ್ ಮುಚ್ಚಳದ ಒಳಗೆ ಹಾಲಿನಂಥ ಕೆನೆ ಇದೆಯಾ? ಬಿಸಿಯಾದ ಮೇಲೂ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬರುತ್ತಾ? ರಾತ್ರಿಯಿಡೀ ನಿಂತ ಕಾರಿನ ಮೇಲಿನ ರೇಡಿಯೇಟರ್ ಹೋಸ್ ಬೆಳಿಗ್ಗೆ ಹಿಸುಕಿದರೆ ಗಟ್ಟಿ ಇರುತ್ತಾ, ಮೆತ್ತಗೆ ಇರುತ್ತಾ?

ಇನ್ನು ಗ್ಯಾರೇಜಿನವರು ಏನೇನು ಪರೀಕ್ಷೆ ಮಾಡಿದರು? ಸ್ಕ್ಯಾನರ್ ಹಾಕಿದ್ದರೆ ಕೋಡ್‌ಗಳನ್ನು ಇಲ್ಲಿ ಬರೆಯಿರಿ.

ಆರು ಸಿಲಿಂಡರ್:

ಮುಳ್ಳು ಒಮ್ಮೆಯೂ ಮೇಲೆ ಹೋಗಿಲ್ಲ. ಕೆನೆ ಇಲ್ಲ. ಬಿಸಿಯಾದ ಮೇಲೆ ಹೊಗೆ ಇಲ್ಲ. ಇವತ್ತು ಬೆಳಿಗ್ಗೆ ಹೋಸ್ ಹಿಸುಕಿ ನೋಡಿದೆ, ಮೆತ್ತಗಿದೆ.

ಪರೀಕ್ಷೆ ಅಂತ ಏನೂ ಮಾಡಲಿಲ್ಲ. ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು ನೋಡಿದರು, ಅಷ್ಟೇ. ನನ್ನದೇ ಒಂದು ಚಿಕ್ಕ ಸ್ಕ್ಯಾನರ್ ಇದೆ. ಪಿ0171 ಮತ್ತು ಪಿ0174 ತೋರಿಸುತ್ತಿದೆ.

ಟಾರ್ಕ್ ರೆಂಚ್:

ಹಾಗಾದರೆ ನನಗೆ ಸ್ವಲ್ಪ ಸಮಾಧಾನ. ನೀವು ಹೇಳಿದ್ದರಲ್ಲಿ ಹೆಡ್ ಗ್ಯಾಸ್ಕೆಟ್ ಕಡೆ ಬೆರಳು ತೋರಿಸುವ ಒಂದು ಲಕ್ಷಣವೂ ಇಲ್ಲ. ಖಾತ್ರಿಗೆ ಒಂದು ಸುಲಭ ಪರೀಕ್ಷೆ ಇದೆ. ಎಕ್ಸ್‌ಪಾನ್ಷನ್ ಟ್ಯಾಂಕ್, ಅಂದರೆ ಕೂಲಂಟ್ ಹಾಕುವ ಟ್ಯಾಂಕಿನ ಬಾಯಿಗೆ ನೀಲಿ ದ್ರವ ಇರುವ ಒಂದು ಕೊಳವೆ ಇಟ್ಟು, ಅಲ್ಲಿನ ಗಾಳಿಯನ್ನು ಎಳೆದು ನೋಡುತ್ತಾರೆ. ಇಂಜಿನ್ ಒಳಗೆ ಸುಟ್ಟ ಗ್ಯಾಸ್ ಕೂಲಂಟಿಗೆ ಸೇರುತ್ತಿದ್ದರೆ ದ್ರವ ಹಳದಿಗೆ ತಿರುಗುತ್ತದೆ. ಮುಚ್ಚಳವನ್ನು ಇಂಜಿನ್ ತಣ್ಣಗಿದ್ದಾಗಲೇ ತೆಗೆಯಿರಿ, ಬಿಸಿ ಇದ್ದಾಗ ಮುಟ್ಟಲೇಬೇಡಿ.

ಇನ್ನು ನಿಮ್ಮ ಮೂರು ತೊಂದರೆ. ಇವು ಮೂರು ಬೇರೆ ಬೇರೆ ಕಾಯಿಲೆ, ಆದರೆ ಮೂರಕ್ಕೂ ಕಾರಣ ವಯಸ್ಸು. ಈ ಕಾರುಗಳ ಕಬ್ಬಿಣ, ಅಲ್ಯೂಮಿನಿಯಂ ಬೇಗ ಸೋಲುವುದಿಲ್ಲ. ಸೋಲುವುದು ಅದರ ಸುತ್ತ ಇರುವ ರಬ್ಬರ್ ಮತ್ತು ಪ್ಲಾಸ್ಟಿಕ್. ಥರ್ಮೋಸ್ಟಾಟ್ ಹೌಸಿಂಗ್, ಹೋಸ್ ತುದಿಯ ಕ್ಲಿಪ್ ಕನೆಕ್ಟರ್, ಎಕ್ಸ್‌ಪಾನ್ಷನ್ ಟ್ಯಾಂಕ್ ಎಲ್ಲ ಪ್ಲಾಸ್ಟಿಕ್. ಹೌಸಿಂಗ್‌ಗೆ ಬಳಸುವುದು ಗಾಜಿನ ನಾರು ಬೆರೆಸಿದ ನೈಲಾನ್. ಸಾವಿರಾರು ಸಲ ಕಾದು ತಣ್ಣಗಾದ ಮೇಲೆ ಅದು ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಕಾರು ಕಮ್ಮಿ ಓಡಿದೆ ಅಂತ ಅದು ಉಳಿಯುವುದಿಲ್ಲ.

ಕೂಲಂಟ್ ವಿಷಯ. ಸಣ್ಣ ಬಿರುಕಿನಿಂದ ಜಿನುಗಿದ್ದು ಬಿಸಿ ಇಂಜಿನ್ ಮೇಲೇ ಆವಿಯಾಗುತ್ತದೆ, ನೆಲಕ್ಕೆ ಬೀಳುವುದೇ ಇಲ್ಲ. ಆದರೆ ಗುರುತು ಬಿಟ್ಟು ಹೋಗುತ್ತದೆ: ಒಣಗಿದ ಉಪ್ಪಿನಂಥ ಪದರ, ಕೂಲಂಟಿನ ಬಣ್ಣದಲ್ಲೋ ಬಿಳಿಯಾಗೋ ಇರುತ್ತದೆ. ಹುಡುಕೋಕೆ ಪ್ರೆಷರ್ ಟೆಸ್ಟರ್ ಬೇಕು, ಟ್ಯಾಂಕಿನ ಬಾಯಿಗೆ ಹಾಕುವ ಕೈ ಪಂಪ್. ರಾತ್ರಿಯಿಡೀ ತಣ್ಣಗಾದ ಇಂಜಿನ್ ಮೇಲೆ ಮಾಡಿ. ತಣ್ಣಗಿದ್ದಾಗ ಪ್ಲಾಸ್ಟಿಕ್ ಕುಗ್ಗಿರುತ್ತದೆ, ಬಿರುಕು ಬಾಯಿ ಬಿಟ್ಟಿರುತ್ತದೆ. ಮುಚ್ಚಳದ ಮೇಲೆ ಬರೆದಿರುವ ಒತ್ತಡ ಮೀರಬೇಡಿ. ಪಂಪ್ ಮಾಡಿ ಹದಿನೈದು ನಿಮಿಷ ಬಿಡಿ. ಮುಳ್ಳು ಇಳಿದರೆ ಕೈಗನ್ನಡಿ ಮತ್ತು ಟಾರ್ಚ್ ಹಿಡಿದು ಇಂಜಿನ್ ಹಿಂಭಾಗ ನೋಡಿ. ಜನ ಮುಂದೆ ಮಾತ್ರ ನೋಡಿ ಕೈ ಬಿಡುತ್ತಾರೆ.

ಸೀಟಿ ಮತ್ತು ನಡುಕ. ನಿಮ್ಮ ಎರಡು ಕೋಡ್‌ಗಳ ಅರ್ಥ, ಎರಡೂ ಬ್ಯಾಂಕ್‌ಗಳಲ್ಲಿ (ಸಿಲಿಂಡರ್‌ಗಳ ಎರಡು ಗುಂಪು) ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಆಕ್ಸಿಜನ್ ಸೆನ್ಸರ್ ಬದಲಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಎರಡೂ ಕಡೆಯ ಸೆನ್ಸರ್ ಒಂದೇ ದಿನ ಸುಳ್ಳು ಹೇಳೋದು ಅಪರೂಪ. ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ ನೋಡಿ, ಅಂದರೆ ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಜಾಸ್ತಿ ಕಮ್ಮಿ ಮಾಡುತ್ತಿದೆ ಅನ್ನುವ ಅಂಕಿ. ಐಡಲ್‌ನಲ್ಲಿ ಎಷ್ಟು, 2,500 ಆರ್‌ಪಿಎಂನಲ್ಲಿ ಎಷ್ಟು ಅಂತ ಎರಡನ್ನೂ ಬರೆದುಕೊಳ್ಳಿ. ಐಡಲ್‌ನಲ್ಲಿ ಜಾಸ್ತಿ ಇದ್ದು, ರೇಸ್ ಮಾಡಿದಾಗ ಸೊನ್ನೆ ಕಡೆ ಬಂದರೆ ಎಲ್ಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ. ರೇಸ್ ಮಾಡಿದಷ್ಟೂ ಜಾಸ್ತಿ ಆದರೆ ಪೆಟ್ರೋಲ್ ಪಂಪ್ ಅಥವಾ ಗಾಳಿ ಅಳೆಯುವ ಸೆನ್ಸರ್ ಕಡೆ ನೋಡಬೇಕು.

ಸೀಟಿ ಇದೆ ಅಂದರೆ ನನ್ನ ಅನುಮಾನ ಪಿಸಿವಿ ಮೇಲೆ, ಅಂದರೆ ಇಂಜಿನ್ ಒಳಗಿನ ಹಬೆಯನ್ನು ಮತ್ತೆ ಇಂಟೇಕ್‌ಗೆ (ಇಂಜಿನ್‌ಗೆ ಗಾಳಿ ಹೋಗುವ ದಾರಿ) ಎಳೆಯುವ ವಾಲ್ವ್. ಅದರೊಳಗೆ ತೆಳುವಾದ ರಬ್ಬರ್ ಡಯಾಫ್ರಾಮ್ ಇರುತ್ತದೆ. ಹರಿದರೆ ಹೀಗೇ ಸದ್ದು. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಎತ್ತಿ ನೋಡಿ. ಸಾಮಾನ್ಯವಾಗಿ ಸುಲಭವಾಗಿ ಬರಬೇಕು. ಒಳಗಿಂದ ಯಾರೋ ಹಿಡಿದು ಎಳೆದ ಹಾಗೆ ಅಂಟಿಕೊಂಡಿದ್ದರೆ, ಎತ್ತಿದ ತಕ್ಷಣ ಸೀಟಿ ನಿಂತರೆ, ಅಲ್ಲಿಗೆ ಉತ್ತರ ಸಿಕ್ಕಿತು.

ಎಣ್ಣೆ ವಾಸನೆ ಬಹುತೇಕ ವಾಲ್ವ್ ಕವರ್ ಗ್ಯಾಸ್ಕೆಟ್, ಅಂದರೆ ಇಂಜಿನ್ ಮೇಲಿನ ಕವರ್ ಕೆಳಗಿರುವ ರಬ್ಬರ್ ಸೀಲ್. ಗಟ್ಟಿಯಾಗಿ ಹಿಂದಿನ ಮೂಲೆಯಿಂದ ಎಕ್ಸಾಸ್ಟ್ ಮೇಲೆ ಹನಿಯುತ್ತದೆ. ಜೊತೆಗೆ ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್ ಕೂಡ ನೋಡಿ. ಕೆಲವು ಇಂಜಿನ್‌ಗಳಲ್ಲಿ ಅಲ್ಲಿಂದ ಸೋರಿದ ಎಣ್ಣೆ ನೇರ ಬೆಲ್ಟ್ ಮೇಲೆ ಬೀಳುತ್ತದೆ. ಬೆಲ್ಟ್ ಜಾರಿ, ಕ್ರ್ಯಾಂಕ್ ಪುಲ್ಲಿ ಹಿಂದಿನ ಆಯಿಲ್ ಸೀಲ್ ಒಳಗೇ ಸಿಕ್ಕಿಕೊಂಡ ಉದಾಹರಣೆಗಳಿವೆ. ಆ ಚಿಕ್ಕ ರಬ್ಬರನ್ನು ಸುಮ್ಮನೆ ಬಿಟ್ಟದ್ದಕ್ಕೆ ಇಂಜಿನ್ನೇ ಬಿಚ್ಚಬೇಕಾಗುತ್ತದೆ. ಇದನ್ನು ದಯವಿಟ್ಟು ಮುಂದೆ ಹಾಕಬೇಡಿ.

ನೀಲಿ ವ್ಯಾಗನ್:

ನನ್ನ ಅಭಿಪ್ರಾಯ ಬೇರೆ. ನಾನೂ ಹೀಗೇ ಒಂದನ್ನು ಹನ್ನೆರಡು ವರ್ಷ ಇಟ್ಟುಕೊಂಡಿದ್ದೆ. ಕೊನೆಯ ಎರಡು ವರ್ಷ ಒಂದು ಮುಗಿದರೆ ಇನ್ನೊಂದು. ಕೂಲಂಟ್ ಸರಿ ಮಾಡಿದೆ, ಸಸ್ಪೆನ್ಷನ್‌ನ ಕಂಟ್ರೋಲ್ ಆರ್ಮ್ ಬಂತು. ಅದು ಮುಗಿಯಿತು, ಗೇರ್‌ಬಾಕ್ಸ್ ಎಳೆಯೋಕೆ ಶುರು ಮಾಡಿತು. ಕಾರಿನ ಬೆಲೆಯನ್ನು ರಿಪೇರಿ ಖರ್ಚು ದಾಟಿದ ದಿನ ನಿಲ್ಲಿಸಬೇಕಿತ್ತು ಅಂತ ಈಗ ಅನಿಸುತ್ತದೆ. ಓಡುವ ಸ್ಥಿತಿಯಲ್ಲಿ ಇರುವಾಗಲೇ ಮಾರಿ.

ಟಾರ್ಕ್ ರೆಂಚ್:

ನಿಮ್ಮ ಅನುಭವ ನಿಜ ಸರ್, ಎರಡು ವರ್ಷ ಹಾಗೆ ಕಳೆಯೋದು ಕಷ್ಟವೇ. ಆದರೆ ರಿಪೇರಿ ಬಿಲ್ಲನ್ನು ಕಾರಿನ ಮಾರಾಟದ ಬೆಲೆಗೆ ಹೋಲಿಸೋದನ್ನು ನಾನು ಒಪ್ಪುವುದಿಲ್ಲ. ಹಳೆ ಕಾರಿನ ಬೆಲೆ ಹೇಗೂ ತಳ ಮುಟ್ಟಿರುತ್ತದೆ. ಹೋಲಿಸಬೇಕಾದ್ದು ಬೇರೆ ಕಾರು ತಂದರೆ ಮುಂದಿನ ಮೂರು ವರ್ಷದಲ್ಲಿ ಆಗುವ ಒಟ್ಟು ಖರ್ಚಿಗೆ. ಸಾಲದ ಬಡ್ಡಿ, ಇನ್ಶೂರೆನ್ಸ್, ಬೆಲೆ ಇಳಿಯೋದು ಎಲ್ಲ ಸೇರಿಸಿ. ಹೊಸ ಕಾರಿನ ದೊಡ್ಡ ಖರ್ಚು ಬೆಲೆ ಇಳಿಯೋದೇ, ಅದಕ್ಕೆ ಯಾರೂ ಬಿಲ್ ಕೊಡಲ್ಲ, ಹಾಗಾಗಿ ಕಣ್ಣಿಗೆ ಬೀಳಲ್ಲ. ಅದೇ ಬೆಲೆಗೆ ಇನ್ನೊಂದು ಹಳೆ ಕಾರು ತಂದರೆ ಅದರ ರೋಗಗಳು ನಿಮಗೆ ಗೊತ್ತಿರುವುದಿಲ್ಲ. ನಿಮ್ಮದರ ರೋಗ ಗೊತ್ತಿದೆಯಲ್ಲ.

ನಾನು ಕೈಬಿಡಿ ಅನ್ನುವ ಸಂದರ್ಭಗಳೂ ಇವೆ. ಸಸ್ಪೆನ್ಷನ್ ಕೂರುವ ಜಾಗದಲ್ಲಿ, ಜಾಕ್ ಕೊಡುವ ಜಾಗದಲ್ಲಿ ಕಾರಿನ ಬಾಡಿ ತುಕ್ಕು ಹಿಡಿದಿದ್ದರೆ ಬಿಡಿ. ನೀರು ನುಗ್ಗಿ ವೈರಿಂಗ್ ಕಪ್ಪಾಗಿದ್ದರೆ ಬಿಡಿ. ವಿಂಡ್‌ಶೀಲ್ಡ್ ಕೆಳಗೆ ಎಲೆ ತುಂಬಿ ನೀರು ಹೋಗುವ ರಂಧ್ರ ಕಟ್ಟಿಕೊಂಡರೆ ಕೆಲವು ಕಾರುಗಳಲ್ಲಿ ಆ ನೀರು ನೇರ ಕಂಟ್ರೋಲ್ ಯೂನಿಟ್ ಮೇಲೆ ಹೋಗುತ್ತದೆ. ಐದು ನಿಮಿಷದ ಕೆಲಸ, ವರ್ಷಕ್ಕೆರಡು ಸಲ ಕೈ ಹಾಕಿ ಎಲೆ ತೆಗೆಯಿರಿ.

ನೀವು ಹೇಳಿದ ಗೇರ್‌ಬಾಕ್ಸ್ ಬಗ್ಗೆ ಒಂದು ಮಾತು. ಅನೇಕ ಕಾರು ಕಂಪನಿಗಳು ಅದರ ಎಣ್ಣೆ ಬದಲಿಸೋದೇ ಬೇಡ ಅಂತ ಹೇಳುತ್ತಿದ್ದವು. ಆದರೆ ಅಂಥ ಅನೇಕ ಗೇರ್‌ಬಾಕ್ಸ್‌ಗಳನ್ನು ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ 8 ವರ್ಷಕ್ಕೆ ಬದಲಿಸಿ ಅನ್ನುತ್ತದೆ.

ಆರು ಸಿಲಿಂಡರ್:

ಎರಡು ಭಾನುವಾರ ಇದಕ್ಕೇ ಇಟ್ಟೆ. ಬೇರೆ ಗ್ಯಾರೇಜಿನಿಂದ ಪ್ರೆಷರ್ ಟೆಸ್ಟರ್ ಮತ್ತು ನೀಲಿ ದ್ರವದ ಕಿಟ್ ಒಂದು ದಿನಕ್ಕೆ ತಂದೆ.

ನೀಲಿ ದ್ರವ ನೀಲಿಯಾಗೇ ಉಳಿಯಿತು. ಹೆಡ್ ಗ್ಯಾಸ್ಕೆಟ್ ಚೆನ್ನಾಗಿದೆ.

ಪ್ರೆಷರ್ 1.2 ಬಾರ್ ಕೊಟ್ಟೆ, ಹದಿನೈದು ನಿಮಿಷಕ್ಕೆ 0.9ಕ್ಕೆ ಇಳಿಯಿತು. ಮುಂದೆ ಎಲ್ಲ ಒಣಗಿತ್ತು. ಕನ್ನಡಿಯನ್ನು ಇಂಜಿನ್ ಹಿಂದೆ ಇಳಿಸಿದಾಗ ಹೀಟರ್ ಹೋಸ್ ಸೇರುವ ಪ್ಲಾಸ್ಟಿಕ್ ಕನೆಕ್ಟರ್ ಸುತ್ತ ಬಿಳಿ ಪದರ ಕಂಡಿತು. ಅದರ ಅಂಚಿನಲ್ಲಿ ಒಂದು ಹನಿ ಊದಿಕೊಂಡು, ಬ್ಲಾಕ್ ಮೇಲೆ ನಿಧಾನವಾಗಿ ಜಾರುತ್ತಿತ್ತು. ಹೋಸ್ ಬಿಚ್ಚಲು ಹೋದೆ, ಕನೆಕ್ಟರ್ ಕೈಯಲ್ಲೇ ಮೂರು ಚೂರಾಯಿತು. ನೀವು ಬಿಸ್ಕತ್ತು ಅಂದದ್ದು ಅಕ್ಷರಶಃ ನಿಜ.

ಫ್ಯೂಯಲ್ ಟ್ರಿಮ್ ಐಡಲ್‌ನಲ್ಲಿ +19, 2,500 ಆರ್‌ಪಿಎಂನಲ್ಲಿ +4. ಆಯಿಲ್ ಮುಚ್ಚಳ ಎರಡು ಕೈ ಹಾಕಿ ಎಳೆಯಬೇಕಾಯಿತು, ಎತ್ತಿದ ಕೂಡಲೇ ಸೀಟಿ ನಿಂತಿತು.

ಬ್ಯಾಟರಿ ಕೂಡ ನೋಡಿದೆ. ರಾತ್ರಿ ನಿಂತ ಮೇಲೆ 12.3 ವೋಲ್ಟ್. ಇದು ಪರವಾಗಿಲ್ವಾ?

ಟಾರ್ಕ್ ರೆಂಚ್:

ತುಂಬಾ ಚೆನ್ನಾಗಿ ಮಾಡಿದ್ದೀರಿ, ನಿಜವಾಗಲೂ ಖುಷಿಯಾಯಿತು.

12.3 ಕಮ್ಮಿಯೇ. ಪೂರ್ತಿ ಚಾರ್ಜ್ ಇದ್ದರೆ 12.6 ಹತ್ತಿರ ಇರಬೇಕು. ಮೊದಲು ಪೂರ್ತಿ ಚಾರ್ಜ್ ಮಾಡಿ, ಮರುದಿನ ಮತ್ತೆ ಅಳೆಯಿರಿ. ಇಳಿದರೆ ಬದಲಿಸಿ. ಬದಲಿಸಿದಾಗ ಕಾರಿನ ಕಂಪ್ಯೂಟರಿಗೆ ಹೊಸ ಬ್ಯಾಟರಿ ಅಂತ ನೋಂದಾಯಿಸಬೇಕಾಗಬಹುದು. ಇಲ್ಲದಿದ್ದರೆ ಹಳೆಯದೇ ಇದೆ ಅಂತ ತಿಳಿದು ಚಾರ್ಜ್ ಮಾಡುತ್ತಿರುತ್ತದೆ. ವೋಲ್ಟೇಜ್ ಕಮ್ಮಿ ಇದ್ದಾಗ ಈ ಕಾರುಗಳು ಸಂಬಂಧವೇ ಇಲ್ಲದ ಹತ್ತಾರು ಕೋಡ್ ತೋರಿಸುತ್ತವೆ. ಆ ಕೋಡ್‌ಗಳನ್ನು ನಂಬಿ ಪಾರ್ಟ್ ಬದಲಿಸಿದವರನ್ನು ನೋಡಿದ್ದೇನೆ.

ಈಗ ಕೆಲಸ ಮಾಡಿಸುವ ಕ್ರಮ. ಈ ಕಾರುಗಳಲ್ಲಿ ಲೇಬರ್ ದುಬಾರಿ ಆಗೋದು ಒಂದು ಪಾರ್ಟ್ ಮುಟ್ಟೋಕೆ ಹತ್ತು ಪಾರ್ಟ್ ಬಿಚ್ಚಬೇಕಾದ್ದರಿಂದ. ಹಾಗಾಗಿ ಒಮ್ಮೆ ಬಿಚ್ಚಿದಾಗ ಆ ದಾರಿಯಲ್ಲಿ ಇರುವುದನ್ನೆಲ್ಲ ಮುಗಿಸಿ. ಇಂಟೇಕ್ ತೆಗೆದರೆ ಹಿಂದಿನ ಕನೆಕ್ಟರ್, ಅದರ ಎರಡೂ ಹೋಸ್, ಪಿಸಿವಿ, ಇಂಟೇಕ್ ಗ್ಯಾಸ್ಕೆಟ್ ಒಟ್ಟಿಗೆ. ವಾಲ್ವ್ ಕವರ್ ತೆಗೆದರೆ ಸ್ಪಾರ್ಕ್ ಪ್ಲಗ್ ಒಟ್ಟಿಗೆ. ಥರ್ಮೋಸ್ಟಾಟ್‌ಗೂ ವಯಸ್ಸಾಗಿದೆ, ಕೂಲಂಟ್ ಹೇಗೂ ಖಾಲಿ ಮಾಡುತ್ತೀರಲ್ಲ, ಅದನ್ನೂ ಬದಲಿಸಿ. ಬೆಲ್ಟ್ ಕೂಡ.

ಪಾರ್ಟ್ ತರುವಾಗ ಕಾರು ಕಂಪನಿಯ ಡಬ್ಬಿಯೇ ಬೇಕು ಅಂತಿಲ್ಲ. ಮಾಹ್ಲೆ, ಬಾಷ್, ಎಲ್ರಿಂಗ್, ಲೆಮ್‌ಫರ್ಡರ್ ಇವರೆಲ್ಲ ಕಾರು ಕಂಪನಿಗಳಿಗೇ ಪಾರ್ಟ್ ಮಾಡಿಕೊಡುವವರು. ಅವರದೇ ಡಬ್ಬಿಯಲ್ಲಿ ತಂದರೆ ಸಾಮಾನ್ಯವಾಗಿ ಕಮ್ಮಿ ಬೀಳುತ್ತದೆ. ಆದರೆ ಹೆಸರಿಲ್ಲದ ಅಗ್ಗದ ಪ್ಲಾಸ್ಟಿಕ್ ಹೌಸಿಂಗ್ ತರಬೇಡಿ, ಅದನ್ನು ಮತ್ತೆ ಬಿಚ್ಚುವ ಲೇಬರ್ ನೀವೇ ಕೊಡಬೇಕು.

ಕೂಲಂಟನ್ನು ಬಣ್ಣ ನೋಡಿ ಹಾಕಬೇಡಿ. ಬಣ್ಣಕ್ಕೆ ಯಾವ ನಿಯಮವೂ ಇಲ್ಲ. ಮ್ಯಾನುಯಲ್‌ನಲ್ಲಿರುವ ಅಪ್ರೂವಲ್ ಸಂಖ್ಯೆ ಡಬ್ಬಿಯ ಮೇಲೆ ಇರಬೇಕು. ಅಲ್ಯೂಮಿನಿಯಂ ಬೋಲ್ಟ್ ಬಂದರೆ ಹಳೆಯದನ್ನು ಮತ್ತೆ ಹಾಕಬೇಡಿ, ಅವು ಬಿಗಿಯುವಾಗಲೇ ಹಿಗ್ಗುತ್ತವೆ, ಒಂದೇ ಸಲಕ್ಕೆ.

ಆರು ಸಿಲಿಂಡರ್:

ಕೆಲಸ ಮುಗಿಯಿತು. ನೀವು ಹೇಳಿದ ಎಲ್ಲ ಒಂದೇ ಸಲಕ್ಕೆ ಮಾಡಿಸಿದೆ, ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್ ಕೂಡ. ಅದು ಬಿಚ್ಚಿದಾಗ ರಬ್ಬರ್ ಆಗಿರಲಿಲ್ಲ, ಮುರಿಯುವ ಪ್ಲಾಸ್ಟಿಕ್ ತುಂಡಿನ ಹಾಗಿತ್ತು. ಬೆಲ್ಟಿನ ಒಳ ಅಂಚಿನಲ್ಲಿ ಎಣ್ಣೆ ತಾಗಿ ಮಿಂಚುತ್ತಿತ್ತು. ಅದನ್ನು ನೋಡಿ ಎದೆ ಝಲ್ ಅಂದಿತು.

ಒಟ್ಟು ಬಿಲ್ ಮೊದಲ ಗ್ಯಾರೇಜ್ ಹೇಳಿದ್ದರ ಮೂರನೇ ಒಂದು ಭಾಗ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಲೇಬರ್. ಐದು ವಾರ ಆಯಿತು, ಕೂಲಂಟ್ ಗೆರೆ ಹಾಕಿದ ಜಾಗದಲ್ಲೇ ಇದೆ. ಟ್ರಿಮ್ ಐಡಲ್‌ನಲ್ಲಿ +2. ವಾಸನೆ ಇಲ್ಲ. ಬ್ಯಾಟರಿ ಚಾರ್ಜ್ ಮಾಡಿದ ಮೇಲೂ ಇಳಿಯಿತು, ಹೊಸದು ಹಾಕಿಸಿ ನೋಂದಾಯಿಸಿದೆ.

ಒಂಬತ್ತು ವರ್ಷದ ಬಿಲ್‌ಗಳನ್ನು ಹುಡುಕಿ ಒಂದು ಪುಸ್ತಕದಲ್ಲಿ ಬರೆದೆ. ಈ ವರ್ಷದ್ದನ್ನು ಸೇರಿಸಿ ಸರಾಸರಿ ತೆಗೆದರೂ ನಾನು ಹೆದರಿದಷ್ಟಿಲ್ಲ. ನಾಲ್ಕು ವರ್ಷ ಎಣ್ಣೆ, ಫಿಲ್ಟರ್ ಬಿಟ್ಟು ಬೇರೇನೂ ಇಲ್ಲ. ಕಾರು ಇಟ್ಟುಕೊಳ್ಳುತ್ತಿದ್ದೇನೆ. ಮುಂದಿನ ತಿಂಗಳು ಗೇರ್‌ಬಾಕ್ಸ್ ಎಣ್ಣೆ. ಏನಾದರೂ ಗಮನಿಸಬೇಕಾದ್ದು ಇದೆಯಾ?

ಟಾರ್ಕ್ ರೆಂಚ್:

ಎರಡು ವಿಷಯ. ಎಣ್ಣೆ ಇಳಿಸುವ ಬೋಲ್ಟ್ ಮುಟ್ಟುವ ಮೊದಲು ಎಣ್ಣೆ ತುಂಬುವ ಬೋಲ್ಟ್ ಸಡಿಲವಾಗುತ್ತಾ ನೋಡಿಸಿ. ಅದು ಬರದಿದ್ದರೆ ಎಣ್ಣೆ ಇಳಿಸಲೇಬೇಡಿ, ಕಾರು ಅಲ್ಲೇ ನಿಲ್ಲುತ್ತದೆ.

ಮಟ್ಟ ನೋಡುವಾಗ ಕಾರು ಸಮನಾಗಿ ಎತ್ತಿರಬೇಕು, ಇಂಜಿನ್ ಓಡುತ್ತಿರಬೇಕು, ಸ್ಕ್ಯಾನರ್‌ನಲ್ಲಿ ಎಣ್ಣೆಯ ಬಿಸಿ 40 ಡಿಗ್ರಿ ಹತ್ತಿರ ಇರಬೇಕು. ನಿಮ್ಮ ಮಾಡೆಲ್‌ಗೆ ಇರುವ ಸರಿಯಾದ ಅಂಕಿ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ. ನಿಮ್ಮ ಚಿಕ್ಕ ಸ್ಕ್ಯಾನರ್ ಗೇರ್‌ಬಾಕ್ಸ್ ಓದುತ್ತಾ ಅಂತ ಇವತ್ತೇ ಹಾಕಿ ನೋಡಿ. ಓದದಿದ್ದರೆ ಓದುವ ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಿ.