ಕ್ವಿಕ್ ಕ್ಲಾಂಪ್ ಹಾಕಿದರೂ ಗೈಡ್ ರೈಲ್ ಸರಿಯುತ್ತಿದೆ, 4 ಅಡಿಗೆ 2 ಮಿಮೀ ಓರೆ

ಮರಗೆಲಸ_ಹಾಸನ

ಎಲ್ಲರಿಗೂ ನಮಸ್ಕಾರ. ಮನೆಗೆ ವಾರ್ಡ್‌ರೋಬ್ ಮಾಡುತ್ತಿದ್ದೇನೆ. 18 ಮಿಮೀ ಪ್ಲೈವುಡ್, 8×4 ಶೀಟು, ಒಂದು ಮುಖಕ್ಕೆ ಮೈಕಾ ಅಂಟಿಸಿದೆ. ಮೈಕಾ ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ತೆಗೆದಿಲ್ಲ. ಬ್ಲೇಡನ್ನು ಮೇಲಿಂದ ಕೆಳಗೆ ಇಳಿಸುವ ಪ್ಲಂಜ್ ಗರಗಸ, ಅದು ನೇರ ಓಡಲು 1400 ಮಿಮೀ ಗೈಡ್ ರೈಲ್ ಇದೆ. ರೈಲ್ ಜೊತೆ ಕ್ಲಾಂಪ್ ಬಂದಿರಲಿಲ್ಲ. ಅದಕ್ಕೆ ಮನೆಯಲ್ಲಿದ್ದ ಎರಡು ಕ್ವಿಕ್ ಕ್ಲಾಂಪ್ ಬಳಸುತ್ತಿದ್ದೇನೆ, ಒಂದೇ ಕೈಯಲ್ಲಿ ಹಿಡಿಕೆ ಒತ್ತಿ ಒತ್ತಿ ಬಿಗಿ ಮಾಡುತ್ತೇವಲ್ಲ, ಆ ತರಹದ್ದು, ಪ್ಲಾಸ್ಟಿಕ್ ಬಾಡಿ, 6 ಇಂಚು.

ಸಮಸ್ಯೆ ಇದು. 4 ಅಡಿ ಅಡ್ಡ ಕಟ್ ಮಾಡುವಾಗ ಶುರುವಿನಲ್ಲಿ ಬ್ಲೇಡ್ ಗೆರೆ ಮೇಲೆ ಸರಿಯಾಗಿ ಹೋಗುತ್ತದೆ. ಕೊನೆಗೆ ಬರುವಷ್ಟರಲ್ಲಿ 2 ಮಿಮೀ ಒಳಗೆ ಬಂದಿರುತ್ತದೆ. ಕ್ಲಾಂಪನ್ನು ಕೈ ನೋಯುವಷ್ಟು ಬಿಗಿ ಮಾಡಿದರೂ ಅಷ್ಟೇ. ಜಾಸ್ತಿ ಬಿಗಿ ಹಿಡಿಯುವ ದೊಡ್ಡ ಕ್ಲಾಂಪ್ ತೆಗೆದುಕೊಳ್ಳಬೇಕಾ? ಯಾವುದು ಒಳ್ಳೆಯದು ಹೇಳಿ.

ತೇಗದಮನೆ

ಕೊಳ್ಳುವುದಕ್ಕೆ ಮುಂಚೆ ಎರಡು ವಿಷಯ ನೋಡಿ ಹೇಳಿ.

ಒಂದು, ಕತ್ತರಿಸಿದ ಅಂಚನ್ನು ರೈಲಿನ ಅಂಚಿಗೇ ತಾಗಿಸಿ ಬೆಳಕಿಗೆ ಎದುರಾಗಿ ಹಿಡಿಯಿರಿ. ಎಲ್ಲೂ ಸಂದಿ ಕಾಣದೆ ಅಂಚು ಪೂರ್ತಿ ನೇರವಾಗಿದ್ದು, ಬರೀ ಓರೆ ಇದ್ದರೆ ರೈಲ್ ಸರಿದದ್ದು ಕಟ್ ಶುರುವಾಗುವ ಮುಂಚೆಯೇ. ಅಂಚು ಬಾಗಿದ್ದರೆ ರೈಲ್ ಕಟ್ ನಡುವೆ ನಿಧಾನವಾಗಿ ಜಾರಿದೆ, ಇಲ್ಲವೇ ಗರಗಸ ರೈಲಿನ ಮೇಲೆ ಲೊಡಲೊಡ ಅನ್ನುತ್ತಿದೆ. ಒಂದು ಜಾಗದಲ್ಲಿ ಮೆಟ್ಟಿಲು ಇದ್ದರೆ ಆ ಜಾಗದಲ್ಲಿ ನೀವು ಏನೋ ಮಾಡಿದ್ದೀರಿ. ಮೂರಕ್ಕೂ ಪರಿಹಾರ ಬೇರೆ ಬೇರೆ. ಕ್ಲಾಂಪ್ ಬದಲಾಯಿಸಿದರೆ ಮೂರೂ ಸರಿಹೋಗುವುದಿಲ್ಲ.

ಎರಡು, ಕ್ಲಾಂಪ್ ರೈಲಿನ ಯಾವ ಜಾಗದಲ್ಲಿ ಕೂರಿಸುತ್ತೀರಿ? ಮೇಲಿನಿಂದಲೋ, ರೈಲಿನ ಕೆಳಗಿರುವ ಗಾಡಿಯಲ್ಲೋ (ಉದ್ದಕ್ಕೂ ಇರುವ ತೋಡು)?

ಮರಗೆಲಸ_ಹಾಸನ

ನೋಡಿದೆ ಮೇಡಂ. ಮೊದಲ ಮೂರಡಿ ಪೂರ್ತಿ ನೇರ, ಗೆರೆ ಮೇಲೇ ಇದೆ. ಆಮೇಲೆ ಮೆಟ್ಟಿಲು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಮೆಟ್ಟಿಲ ಹತ್ತಿರ ಒಂದೂವರೆ ಮಿಮೀ, ತುದಿಯಲ್ಲಿ 2.

ಕ್ಲಾಂಪ್ ಮೇಲಿನಿಂದಲೇ ಹಾಕುತ್ತೇನೆ, ರೈಲಿನ ಹಿಂಭಾಗದ ಅಂಚಿಗೆ, ಈ ತುದಿಗೊಂದು ಆ ತುದಿಗೊಂದು. ಶುರು ಮಾಡುವ ಕಡೆಯದ್ದು ಗರಗಸದ ಹಿಂದೆ ಬರುವ ಹಾಗೆ ಇಡುತ್ತೇನೆ, ಅದು ತೊಂದರೆ ಇಲ್ಲ. ಆ ತುದಿಯದ್ದಕ್ಕೆ ಮೋಟಾರ್ ತಾಗುತ್ತದೆ. ಅಲ್ಲಿವರೆಗೆ ಕತ್ತರಿಸಿ, ಗರಗಸ ನಿಲ್ಲಿಸಿ, ಬ್ಲೇಡ್ ಮೇಲೆತ್ತಿ, ಆ ಕ್ಲಾಂಪ್ ಬಿಚ್ಚಿ ಈ ತುದಿಯ ಕ್ಲಾಂಪಿನ ಪಕ್ಕದಲ್ಲೇ ಹಾಕಿ ಮುಂದುವರಿಸುತ್ತೇನೆ. ಬೇರೆ ದಾರಿ ಗೊತ್ತಾಗಲಿಲ್ಲ.

ತೇಗದಮನೆ

ಹಾಗಾದರೆ ಸಿಕ್ಕಿತು. ನಿಮ್ಮ ಅಳತೆಗಳೇ ಹೇಳುತ್ತಿವೆ. ಮೂರನೇ ಅಡಿಯಲ್ಲಿ ಒಂದೂವರೆ, ನಾಲ್ಕನೇ ಅಡಿಯಲ್ಲಿ 2. ಲೆಕ್ಕ ಹಾಕಿ, ಅಡಿಗೆ ಅರ್ಧ ಮಿಮೀ. ಅಂದರೆ ಆ ತುದಿಯ ಕ್ಲಾಂಪ್ ಬಿಚ್ಚಿದ ಕ್ಷಣ ರೈಲ್ ಈ ತುದಿಯ ಕ್ಲಾಂಪಿನ ಸುತ್ತ ಬಾಗಿಲು ತಿರುಗಿದ ಹಾಗೆ ತಿರುಗಿದೆ. ಈ ತುದಿಯಲ್ಲಿ ಮತ್ತೆ ಕ್ಲಾಂಪ್ ಹಾಕಿದಾಗ ತಿರುಗಿದ ಜಾಗದಲ್ಲೇ ಅದನ್ನು ಬಿಗಿ ಮಾಡಿದ್ದೀರಿ. 600 ಪೌಂಡ್ ಒತ್ತುವ ಕ್ಲಾಂಪ್ ತಂದರೂ ಓರೆ ಜಾಗದಲ್ಲಿ ಇನ್ನೂ ಗಟ್ಟಿಯಾಗಿ ಕೂರುತ್ತದೆ, ಅಷ್ಟೇ. ಕಟ್ ಶುರುವಾದ ಮೇಲೆ ಯಾವ ಕ್ಲಾಂಪನ್ನೂ ಮುಟ್ಟಬಾರದು.

ಇನ್ನೊಂದು ವಿಷಯ ಇದೆ, ಅದು ಕಣ್ಣಿಗೆ ಬೀಳುವುದಿಲ್ಲ. ಒಂದು ಕ್ಲಾಂಪ್ ಹಾಕಿ, ಬಿಗಿ ಮಾಡಬೇಡಿ, ಸುಮ್ನೆ ತಾಗಿಸಿ ಇಡಿ. ಚೂಪು ಪೆನ್ಸಿಲಿನಿಂದ ರೈಲಿನ ಮೇಲಿಂದ ಶುರುಮಾಡಿ ಪ್ಲೈ ಮೇಲೆ ಬರುವ ಹಾಗೆ ಒಂದೇ ಅಡ್ಡ ಗೆರೆ ಎಳೆಯಿರಿ, ಎರಡೂ ತುದಿಯಲ್ಲಿ. ರೈಲಿನ ಹಿಂಬದಿ ಅಂಚಿನ ಗುಂಟ ಪ್ಲೈ ಮೇಲೆ ಇನ್ನೊಂದು ಉದ್ದ ಗೆರೆಯನ್ನೂ ಎಳೆಯಿರಿ. ಪ್ಲಾಸ್ಟಿಕ್ ಹಾಳೆ ಮೇಲೆ ಪೆನ್ಸಿಲ್ ಹತ್ತದಿದ್ದರೆ ಮೊದಲು ಮಾಸ್ಕಿಂಗ್ ಟೇಪ್ ತುಂಡು ಅಂಟಿಸಿ. ಈಗ ಹಿಡಿಕೆ ಒತ್ತಿ ಬಿಗಿ ಮಾಡುತ್ತಾ ಗೆರೆಗಳನ್ನೇ ನೋಡಿ. ಅಗ್ಗದ ಕ್ವಿಕ್ ಕ್ಲಾಂಪಿನಲ್ಲಿ ಕೊನೆಯ ಎರಡು ಮೂರು ಒತ್ತಿಗೆ ಬಾರ್ ಸ್ವಲ್ಪ ಬಾಗುತ್ತದೆ, ರಬ್ಬರ್ ಪ್ಯಾಡ್ ಓಲುತ್ತದೆ, ಅದರ ಜೊತೆ ರೈಲೂ ಕೂದಲೆಳೆಯಷ್ಟು ಸರಿಯುತ್ತದೆ. ಅದಕ್ಕೇ ಗೆರೆಗೆ ಹೊಂದಿಸುವುದು, ಬಿಗಿ ಮಾಡುವುದು, ಮತ್ತೆ ಗೆರೆ ನೋಡುವುದು, ಈ ಮೂರೂ ಆಗಬೇಕು. ಎಷ್ಟೋ ಜನ ಮೂರನೆಯದನ್ನು ಬಿಡುತ್ತಾರೆ.

ಈಗ ಜಾಗದ ಲೆಕ್ಕ. ಶೀಟಿನ ಅಗಲ 1220, ರೈಲ್ 1400. ಉಳಿಯುವುದು 180 ಮಿಮೀ, ಅಂದರೆ ಎರಡೂ ಕಡೆ ಸಮ ಬಿಟ್ಟರೆ 90 ಮಿಮೀ. ಗರಗಸದ ತಳ ಅದಕ್ಕಿಂತ ಎಷ್ಟೋ ಉದ್ದ. ಮೇಲಿನಿಂದ ಕ್ಲಾಂಪ್ ಹಾಕಿದರೆ ಆ ತುದಿಯಲ್ಲಿ ಮೋಟಾರಿಗೆ ತಾಗದೆ ಇರುವ ಜಾಗವೇ ಇಲ್ಲ. ರೈಲಿನ ಕೆಳಗೆ ಉದ್ದಕ್ಕೂ ಒಂದು ಗಾಡಿ ಇದೆಯಲ್ಲ, ಅದು ಇರುವುದೇ ಇದಕ್ಕೆ. ರೈಲ್ ಕ್ಲಾಂಪಿನ ಮೇಲಿನ ತೋಳು ತೆಳು ಉಕ್ಕಿನದು, ರೈಲಿನ ತುದಿಯಿಂದ ಆ ಗಾಡಿಯೊಳಗೆ ತೂರುತ್ತದೆ. ರೈಲಿನ ಮೇಲೆ ಏನೂ ಇರುವುದಿಲ್ಲ, ಗರಗಸ ಈ ತುದಿಯಿಂದ ಆ ತುದಿಗೆ ನಿಲ್ಲದೆ ಹೋಗುತ್ತದೆ. ನಿಮ್ಮ ಪ್ಲಾಸ್ಟಿಕ್ ದವಡೆಯ ಕ್ಲಾಂಪ್ ಅದರಲ್ಲಿ ಹೋಗುವುದಿಲ್ಲ, ಪ್ಯಾಡ್ ಕಿತ್ತರೂ ಹೋಗುವುದಿಲ್ಲ.

ಪ್ಲಾಸ್ಟಿಕ್ ಹಾಳೆ ಬಗ್ಗೆ: ರೈಲ್ ಕೂರುವ ಪಟ್ಟೆಯಷ್ಟಾದರೂ ಅದನ್ನು ಬಿಡಿಸಿ. ರೈಲಿನ ಕೆಳಗಿನ ರಬ್ಬರ್ ಪಟ್ಟಿ ಹಾಳೆಯನ್ನು ಗಟ್ಟಿಯಾಗಿ ಹಿಡಿದರೂ ಹಾಳೆಯೇ ಮೈಕಾ ಬಿಟ್ಟು ಜರುಗಿದರೆ ಏನು ಪ್ರಯೋಜನ? ಆ ರಬ್ಬರ್ ಪಟ್ಟಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಪ್ಲೈ ಹಿಟ್ಟು ಕೂತರೆ ಹಿಡಿತ ಅರ್ಧ ಹೋಗುತ್ತದೆ.

ಹೊನ್ನೆ_ಸ್ಟುಟ್‌ಗಾರ್ಟ್

ಮೇಡಂ ಹೇಳಿದ್ದು ಪೂರ್ತಿ ಸರಿ. ಯಾವ ಕ್ಲಾಂಪ್ ಅನ್ನುವುದಕ್ಕೆ ನಾನು ಸೇರಿಸುತ್ತೇನೆ. ನಾನಿರುವ ಊರಿನ ಆಸುಪಾಸಿನಲ್ಲೇ ಕ್ಲಾಂಪ್ ಮಾಡುವ ಬೆಸ್ಸಿ, ಗರಗಸ ಮಾಡುವ ಫೆಸ್ಟೂಲ್ ಎರಡೂ ಕಂಪನಿ ಇವೆ, ಹಾಗಾಗಿ ಅಂಗಡಿಯಲ್ಲಿ ಎಲ್ಲ ತರಹದವನ್ನೂ ಕೈಯಲ್ಲಿ ಹಿಡಿದು ನೋಡಲು ಸಿಗುತ್ತದೆ.

ರೈಲಿಗೆ ಮೂರು ತರಹ ಬರುತ್ತವೆ. ತಿರುಪಿನದು, ಲಿವರಿನದು, ಹಿಡಿಕೆ ಒತ್ತುವುದು. ತಿರುಪಿನದು ಅಗ್ಗ, ಗಟ್ಟಿ, ನಿಧಾನ. ದಿನಕ್ಕೆ ಹತ್ತಾರು ಶೀಟು ಕತ್ತರಿಸದವರಿಗೆ ನಾನು ಅದನ್ನೇ ಹೇಳುತ್ತೇನೆ. ಲಿವರಿನದು ಬೇಗ ಆಗುತ್ತದೆ, ಒಳ್ಳೆಯದು, ದುಬಾರಿ.

ಒತ್ತುವ ಬಲ ನೋಡಿ ಆರಿಸಬೇಡಿ. ಕ್ವಿಕ್ ಕ್ಲಾಂಪಿನ ಪೊಟ್ಟಣದ ಮೇಲೆ 140, 300, 600 ಪೌಂಡ್ ಅಂತ ಬರೆದಿರುತ್ತಾರೆ, ಅಂದರೆ ಸುಮಾರು 63, 136, 272 ಕಿಲೋ. ಅಂಟು ಹಾಕಿದ ಹಲಗೆಗಳ ಸಂದಿ ಮುಚ್ಚಿಸುವುದಕ್ಕೆ ಆ ಅಂಕಿ ಮುಖ್ಯ. ರೈಲ್ ಹಿಡಿಯುವುದಕ್ಕೆ ಅಲ್ಲ. ರಬ್ಬರ್ ಪಟ್ಟಿ ಶುಚಿಯಾಗಿದ್ದರೆ ರೈಲಿಗೆ ಬೆರಳಲ್ಲಿ ತಿರುಗಿಸಿದಷ್ಟು ಬಿಗಿ ಸಾಕು. ನೋಡಬೇಕಾದದ್ದು ತೋಳಿನ ದಪ್ಪ, ಅಗಲ. ಕಂಪನಿಯಿಂದ ಕಂಪನಿಗೆ ಅದು ಒಂದಿಷ್ಟು ಬೇರೆ ಇರುತ್ತದೆ. ರೈಲಿನ ಗಾಡಿಯನ್ನು ವರ್ನಿಯರ್‌ನಲ್ಲಿ ಅಳೆದುಕೊಂಡು ಹೋಗಿ. ಇಲ್ಲವೇ ರೈಲನ್ನೇ ಅಂಗಡಿಗೆ ಒಯ್ಯಿರಿ. ಫೆಸ್ಟೂಲ್, ಮಕಿಟಾ ರೈಲುಗಳಿಗೆ ಒಂದೇ ಕ್ಲಾಂಪ್ ಆಗುತ್ತದೆ. ಬಾಷ್‌ನ ಎಫ್‌ಎಸ್‌ಎನ್ ರೈಲು ಮಾಫೆಲ್ ಕಂಪನಿಯ ರೈಲಿನ ಜೊತೆ ಹೊಂದುತ್ತದೆ, ಫೆಸ್ಟೂಲ್, ಮಕಿಟಾ ಜೊತೆ ಅಲ್ಲ. ನಿಮ್ಮದು ಯಾವುದು?

ಆಚಾರ್_ಸಾಗರ

ಹಾಸನದ ತಮ್ಮ, ರೈಲ್ ಕ್ಲಾಂಪ್ ಕೈಗೆ ಬರುವವರೆಗೆ ಕೆಲಸ ನಿಲ್ಲಿಸಬೇಡ. ಇರುವ ಕ್ವಿಕ್ ಕ್ಲಾಂಪನ್ನು ಮೊದಲು ನೋಡು. ಅದರ ಬಾರ್ ಮೇಲೆ ಎಣ್ಣೆ ಇದೆಯಾ? ಸುಮಾರು ಜನ ತುಕ್ಕು ಹಿಡಿಯಬಾರದು ಅಂತ ಎಣ್ಣೆ ಒರೆಸುತ್ತಾರೆ. ಅದರೊಳಗೆ ಸಣ್ಣ ಉಕ್ಕಿನ ತಗಡುಗಳಿವೆ. ಹಿಡಿಕೆ ಒತ್ತಿದಾಗ ಆ ತಗಡು ಓರೆಯಾಗಿ ಬಾರನ್ನು ಕಚ್ಚಿ ಹಿಡಿಯುತ್ತದೆ, ಬಿಡಿಸುವ ಗುಂಡಿ ಒತ್ತಿದರೆ ನೆಟ್ಟಗಾಗಿ ಬಿಡುತ್ತದೆ. ಹಿಡಿತ ಪೂರ್ತಿ ಆ ಕಚ್ಚುವುದರಲ್ಲೇ ಇದೆ. ಎಣ್ಣೆ ಇದ್ದರೆ ಗರಗಸದ ನಡುಕಕ್ಕೆ ಒಂದೊಂದೇ ಕೂದಲಷ್ಟು ಜಾರುತ್ತದೆ. ಬಟ್ಟೆಗೆ ಥಿನ್ನರ್ ಹಾಕಿ ಬಾರ್ ಒರೆಸು, ತುಕ್ಕಿದ್ದರೆ ಸಣ್ಣ ಎಮರಿಯಲ್ಲಿ ಉಜ್ಜು. ಥಿನ್ನರ್ ರಬ್ಬರ್ ಪ್ಯಾಡಿಗೆ ತಾಗಿಸಬೇಡ, ಪ್ಯಾಡ್ ಹಾಳಾಗುತ್ತದೆ.

ಕ್ವಿಕ್ ಕ್ಲಾಂಪಿಗೆ ಸರಿಹೋಗುವ ಗೈಡ್ ಬೇಕಿದ್ದರೆ ಪ್ಲೈನಲ್ಲೇ ಮಾಡಿಕೊಳ್ಳಬಹುದು. ಇದು ಮಾಮೂಲಿ ಸರ್ಕ್ಯುಲರ್ ಗರಗಸಕ್ಕೆ. 6 ಮಿಮೀ ಪ್ಲೈ ತಳಕ್ಕೆ, ಅದರ ಮೇಲೆ 12 ಮಿಮೀ ಪಟ್ಟಿ ಬೇಲಿಗೆ. ಬೇಲಿ ಪಟ್ಟಿಗೆ ಕಾರ್ಖಾನೆಯ ನೇರ ಅಂಚನ್ನೇ ಇಟ್ಟುಕೋ. ಅಂಟು, ಸ್ಕ್ರೂ ಹಾಕಿ, ಆಮೇಲೆ ಗರಗಸವನ್ನು ಬೇಲಿಗೆ ಒತ್ತಿ ಒಂದು ಸಲ ಓಡಿಸಿದರೆ ತಳದ ಹೆಚ್ಚುವರಿ ಕತ್ತರಿಸಿ ಹೋಗಿ, ಬ್ಲೇಡ್ ಎಲ್ಲಿ ಹೋಗುತ್ತದೋ ಅಲ್ಲೇ ಅಂಚು ಬರುತ್ತದೆ. ಬೇಲಿಯನ್ನು ಕಂಜೂಸು ಮಾಡಬೇಡ, ಆರೇಳು ಇಂಚು ಅಗಲ ಇರಲಿ. ಆಗ ಕ್ಲಾಂಪ್ ಹಿಂದೆ ಕೂರುತ್ತದೆ, ಮೋಟಾರ್ ಅದರ ಮುಂದೆ ಹಾದು ಹೋಗುತ್ತದೆ. ನಮ್ಮ ಕಡೆ ಅಲ್ಯೂಮಿನಿಯಂ ಬಾಕ್ಸ್ ಸೆಕ್ಷನ್ ಇಟ್ಟು ಕತ್ತರಿಸುವವರೇ ಜಾಸ್ತಿ, ಅದೂ ಆಗುತ್ತದೆ. ಆದರೆ ಎತ್ತರದ ಸೆಕ್ಷನ್ ಇದ್ದರೆ ಮೋಟಾರ್ ಅದಕ್ಕೇ ತಾಗುತ್ತದೆ, ಚಪ್ಪಟೆಯಾಗಿ ಮಲಗಿಸಿ ಇಡಬೇಕು.

ಮತ್ತೆ, ಶೀಟನ್ನು ಎರಡು ಸ್ಟೂಲ್ ಮೇಲೆ ಇಟ್ಟು ನಡುವೆ ಕತ್ತರಿಸುತ್ತಿಲ್ಲ ತಾನೇ? 35 ಕಿಲೋ ಆಸುಪಾಸಿನ ಶೀಟು ಅದು. ಕಟ್ ಮುಗಿಯುತ್ತಾ ಬಂದ ಹಾಗೆ ನಡು ಕುಸಿಯುತ್ತದೆ, ಕಟ್ಟಿನ ಸಂದಿ ಮುಚ್ಚಿಕೊಂಡು ಬ್ಲೇಡನ್ನು ಅಮುಕುತ್ತದೆ, ಗರಗಸ ಹಿಂದಕ್ಕೆ ಎಗರುತ್ತದೆ. ಇದಕ್ಕೆ ಯಾವ ಕ್ಲಾಂಪೂ ಅಡ್ಡ ಬರುವುದಿಲ್ಲ. ನೆಲದ ಮೇಲೆ ನಾಲ್ಕು ರೀಪು ಹಾಸು, ಎರಡು ಕಟ್ಟಿನ ಈಚೆ, ಎರಡು ಆಚೆ. ಬೀಳುವ ತುಂಡೂ ತನ್ನ ಕಾಲ ಮೇಲೆ ತಾನೇ ನಿಂತಿರಬೇಕು.

ಮರಗೆಲಸ_ಹಾಸನ

ಆಚಾರ್ರೇ, ಹೊನ್ನೆಯವರೇ, ಮೇಡಂ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನನ್ನ ರೈಲ್ ಮಕಿಟಾ ಮಾದರಿಯದ್ದು. ತಿರುಪಿನ ರೈಲ್ ಕ್ಲಾಂಪ್ ಜೋಡಿ ತೆಗೆದುಕೊಂಡೆ, ಗಾಡಿಯಲ್ಲಿ ಸಲೀಸಾಗಿ ಹೋಯಿತು. ಪೆನ್ಸಿಲ್ ಗೆರೆಯ ಪರೀಕ್ಷೆ ಹಳೆಯ ಕ್ವಿಕ್ ಕ್ಲಾಂಪಿನಲ್ಲಿ ಮಾಡಿ ನೋಡಿದೆ. ಬಿಗಿ ಮಾಡುವಾಗ ಹಿಂಬದಿ ಗೆರೆ ಮತ್ತು ರೈಲಿನ ನಡುವೆ ಬಿಳಿ ಸಂದಿ ತೆರೆದುಕೊಂಡಿದ್ದು ಕಣ್ಣಿಗೇ ಕಂಡಿತು. ಹೊಸದರಲ್ಲಿ ಗೆರೆ ಅಲ್ಲಾಡಲಿಲ್ಲ. ಶೀಟು ಈಗ ರೀಪಿನ ಮೇಲೆ, ಹಾಳೆ ಬಿಡಿಸಿದ್ದೇನೆ.

ಮೆಟ್ಟಿಲು ಹೋಯಿತು. ಆದರೆ ಕಟ್ಟಿನ ಕೊನೆಯ ಎರಡು ಇಂಚಿನಲ್ಲಿ ಮಾತ್ರ ಸಣ್ಣ ಸುಟ್ಟ ಕಲೆ, ಅಲ್ಲೇ ಮೈಕಾ ಚೂರು ಎದ್ದಿದೆ. ಗರಗಸ ಅಲ್ಲಿ ಯಾರೋ ಹಿಡಿದು ಎಳೆದ ಹಾಗೆ ಒಂದು ಕ್ಷಣ ತಡೆಯುತ್ತದೆ. ಇದಕ್ಕೂ ಕ್ಲಾಂಪ್ ಕಾರಣನಾ?

ತೇಗದಮನೆ

ಕ್ಲಾಂಪ್ ಅಲ್ಲ. ಧೂಳಿನ ಪೈಪು ಇಲ್ಲವೇ ಕರೆಂಟ್ ವಯರು ರೈಲಿನ ಶುರುವಿನ ತುದಿಗೆ ಸಿಕ್ಕಿಕೊಳ್ಳುತ್ತಿದೆ, ಹೆಚ್ಚುಕಮ್ಮಿ ಖಚಿತ. ಗರಗಸ ಮುಂದೆ ಹೋದ ಹಾಗೆ ಪೈಪು ಹಿಂದಿನಿಂದ ಎಳೆಯುತ್ತದೆ, ಬ್ಲೇಡ್ ಒಂದು ಕೂದಲು ಓರೆಯಾಗುತ್ತದೆ, ಸುಡುತ್ತದೆ. ಗರಗಸ ಆಫ್ ಮಾಡಿ, ಪ್ಲಗ್ ಕಿತ್ತು, ಬ್ಲೇಡ್ ಮೇಲಿರುವಾಗಲೇ ಅದನ್ನು ರೈಲಿನ ಮೇಲೆ ಕೊನೆವರೆಗೆ ಒಂದು ಸಲ ತಳ್ಳಿ ನೋಡಿ. ಎಲ್ಲಿ ತಡೆಯುತ್ತದೆ ಅಂತ ಕೈಗೇ ಗೊತ್ತಾಗುತ್ತದೆ. ಪೈಪು, ವಯರು ಎರಡನ್ನೂ ಜೊತೆಗೆ ಕಟ್ಟಿ ಹೆಗಲ ಮೇಲಿಂದ ಬಿಡಿ, ಅಥವಾ ಮೇಲೆ ಒಂದು ಕೊಕ್ಕೆಗೆ ನೇತುಹಾಕಿ.

ಹಾಗೂ ತಡೆದರೆ ಗರಗಸದ ತಳದಲ್ಲಿ ಎರಡು ತಿರುಗಣೆ ಇರುತ್ತವೆ, ರೈಲಿನ ಏಣಿನ ಮೇಲೆ ಆಟ ಕಡಿಮೆ ಮಾಡುವುದಕ್ಕೆ. ಅಕ್ಕಪಕ್ಕ ಅಲ್ಲಾಡಬಾರದು, ಆದರೆ ಎರಡು ಬೆರಳಲ್ಲಿ ತಳ್ಳಿದರೆ ಹೋಗಬೇಕು, ಅಷ್ಟಕ್ಕೆ ಹೊಂದಿಸಿ.

ಮೈಕಾ ಚೂರು ಏಳದಿರಲು, ಆಳವನ್ನು 2 ಮಿಮೀಗೆ ಇಟ್ಟು ಮೊದಲು ಗೀರು ಕಟ್ ಹಾಕಿ, ಆಮೇಲೆ ಪೂರ್ತಿ ಆಳಕ್ಕೆ ಇಳಿಸಿ. ಮಕಿಟಾದ ಪ್ಲಂಜ್ ಗರಗಸದಲ್ಲಿ ಇದಕ್ಕೆಂದೇ ಒಂದು ಗುಂಡಿ ಇದೆ. ಎರಡು ಸಲ ಹೋಗುವುದರಿಂದ ರೈಲ್ ಅಲ್ಲಾಡದೇ ಇರಬೇಕು, ಈಗ ನಿಮ್ಮಲ್ಲಿ ಅದಕ್ಕೆ ಸರಿಯಾದ ಕ್ಲಾಂಪ್ ಇದೆ.

ಹೊನ್ನೆ_ಸ್ಟುಟ್‌ಗಾರ್ಟ್

ಹಳೆಯ ಕ್ವಿಕ್ ಕ್ಲಾಂಪ್ ಎಸೆಯಬೇಡಿ. ವಾರ್ಡ್‌ರೋಬ್ ಪೆಟ್ಟಿಗೆ ಜೋಡಿಸುವಾಗ ಒಂದು ಕೈಯಲ್ಲಿ ಹಲಗೆ ಹಿಡಿದು ಇನ್ನೊಂದು ಕೈಯಲ್ಲಿ ಕ್ಲಾಂಪ್ ಹಾಕಬೇಕಾಗುತ್ತದೆ, ಅಲ್ಲಿ ಇದರಷ್ಟು ಅನುಕೂಲ ಬೇರೆ ಇಲ್ಲ. ಅದರಿಂದ ಜಾಗಕ್ಕೆ ನಿಲ್ಲಿಸಿ, ಆಮೇಲೆ ತಿರುಪು ಬಿಗಿಸುವ ಎಫ್ ಕ್ಲಾಂಪ್ ಹಾಕಿ ಅಂಟು ಒತ್ತಿಸಿ. ಇನ್ನು 8 ಅಡಿ ಉದ್ದಕ್ಕೆ ಸೀಳುವಾಗ ಎರಡು ರೈಲ್ ಜೋಡಿಸಬೇಕಾಗುತ್ತದೆ. ಜೋಡಣೆಯ ಪಟ್ಟಿಯ ಸ್ಕ್ರೂ ಬಿಗಿ ಮಾಡುವ ಮುಂಚೆ ಎರಡೂ ರೈಲಿನ ಪಕ್ಕಕ್ಕೆ ಒಂದು ನೇರ ಅಲ್ಯೂಮಿನಿಯಂ ಪಟ್ಟಿ ಒತ್ತಿ ಹಿಡಿಯಿರಿ. ರೈಲಿನ ತುದಿಗಳು ಒಂದಕ್ಕೊಂದು ತಾಗಿದ ಮಾತ್ರಕ್ಕೆ ನೇರ ಅಂತ ನಂಬಬೇಡಿ, ಅರ್ಧ ಮಿಮೀ ಸಂದಿ ಉಳಿದರೂ ಪರವಾಗಿಲ್ಲ.

ಮರಗೆಲಸ_ಹಾಸನ

ಪೈಪೇ ಮೇಡಂ. ರೈಲಿನ ತುದಿಗೆ ಪೈಪಿನ ರಬ್ಬರ್ ಕೊರಳು ಸಿಕ್ಕಿಕೊಳ್ಳುತ್ತಿತ್ತು. ಮೇಲೆ ಕೊಕ್ಕೆಗೆ ಕಟ್ಟಿದೆ. ಗೀರು ಕಟ್ ಹಾಕಿ ಕತ್ತರಿಸಿದ ಶೆಲ್ಫ್ ಎರಡನ್ನು ಒಂದರ ಮೇಲೊಂದು ಇಟ್ಟು ಅಂಚಿಗೆ ಉಗುರು ಆಡಿಸಿದೆ, ಎಲ್ಲೂ ಸಿಕ್ಕಲಿಲ್ಲ. ನಾಳೆ 8 ಅಡಿಯ ಪಕ್ಕದ ಹಲಗೆಗಳು, ರೈಲ್ ಜೋಡಿಸಿ ನೋಡಿ ಹೇಳುತ್ತೇನೆ.